ನಸುಕಿನ ನಡಿಗೆ: ಆಡಲಾಗದ ಮಾತಿಗೆ ಐದು ಕಿಲೋಮೀಟರ್ ದಾರಿ

ಯುಗಾದಿಗೆ ಇನ್ನೂ ಎರಡು ವಾರ ಇರುವಾಗಲೇ ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ನಸುಕಿನ ಹೊತ್ತು ಹೆಜ್ಜೆ ಸಪ್ಪಳ ಶುರುವಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಟವರು ಈ ಸೀಮೆಯನ್ನು ದಾಟಿ ಹೋಗುತ್ತಾರೆ. ಬಿಸಿಲೇರುವ ಮುನ್ನ ಆದಷ್ಟು ದಾರಿ ಸವೆಸಬೇಕೆಂದು ಅವರು ಏಳುವುದು ಮೂರಕ್ಕೋ ನಾಲ್ಕಕ್ಕೋ. ದಾರಿಯ ಊರಿನವರು ಮಜ್ಜಿಗೆ, ಅಂಬಲಿ, ಅನ್ನ ಇಟ್ಟುಕೊಂಡು ಕಾಯುತ್ತಾರೆ; ಗುಳ್ಳೆ ಎದ್ದ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಯಾರು, ಯಾವ ಊರು ಎಂದು ಕೇಳುವುದು ಆಮೇಲೆ. ನಡೆಯುವವರ ನಡುವೆ ಮಾತೂ ಹಾಗೆಯೇ. ಮನೆಯ ಕಟ್ಟೆಯ ಮೇಲೆ ಎದುರುಬದುರು ಕುಳಿತು ಆಡಲಾಗದ ಸಾಲದ ಸುದ್ದಿ, ಮಗನ ಸುದ್ದಿ, ಬೆನ್ನು ಹತ್ತಿದ ರೋಗದ ಸುದ್ದಿ ಕತ್ತಲಲ್ಲಿ ಒಬ್ಬರ ಪಕ್ಕ ಒಬ್ಬರು ನಡೆಯುವಾಗ ತಾನಾಗಿ ಹೊರಬರುತ್ತದೆ. ಮುಖ ನೋಡಬೇಕಾದ ಸಂಕೋಚ ಅಲ್ಲಿಲ್ಲ.

ಇದೇ ಸಂಗತಿಯನ್ನು ಹಿಡಿದು ಏಳು ಸಾವಿರ ಕಿಲೋಮೀಟರಿಗೂ ದೂರದ ಐರ್ಲೆಂಡಿನಲ್ಲಿ ಬೇರೊಂದು ನಡಿಗೆ ಹುಟ್ಟಿಕೊಂಡಿದೆ. ಪ್ರತಿವರ್ಷ ಮೇ ತಿಂಗಳ ಒಂದು ಶನಿವಾರ ಬೆಳಗಿನ ಜಾವ ನಾಲ್ಕೂ ಕಾಲು ಗಂಟೆಗೆ ಅಲ್ಲಿನ ಊರೂರುಗಳಲ್ಲಿ ಜನ ಹಳದಿ ಅಂಗಿ ತೊಟ್ಟು ಸೇರುತ್ತಾರೆ, ಐದು ಕಿಲೋಮೀಟರ್ ನಡೆಯುತ್ತಾರೆ, ಸೂರ್ಯ ಹುಟ್ಟುವ ಹೊತ್ತಿಗೆ ನಿಲ್ಲುತ್ತಾರೆ. ‘ಡಾರ್ಕ್‌ನೆಸ್ ಇನ್‌ಟು ಲೈಟ್’ ಎಂದು ಅದರ ಹೆಸರು; ಕತ್ತಲೆಯಿಂದ ಬೆಳಕಿಗೆ ಎಂದರ್ಥ. ತಮ್ಮ ಜೀವವನ್ನು ತಾವೇ ಕಳೆದುಕೊಂಡವರ ನೆನಪಿಗಾಗಿ, ಅಂಥ ಅಂಚಿನಲ್ಲಿ ನಿಂತವರನ್ನು ಹಿಂದಕ್ಕೆ ಕರೆಯುವ ಕೆಲಸಕ್ಕೆ ಹಣ ಕೂಡಿಸುವುದಕ್ಕಾಗಿ ಈ ನಡಿಗೆ.

ಅದನ್ನು ನಡೆಸುವ ಸಂಸ್ಥೆ ‘ಪಿಯೆಟಾ’. 2006ರಲ್ಲಿ ಜೋನ್ ಫ್ರೀಮನ್ ಎಂಬ ಮನಶ್ಶಾಸ್ತ್ರಜ್ಞೆ ಡಬ್ಲಿನ್ ಬಳಿಯ ಲೂಕನ್ ಎಂಬಲ್ಲಿ ಇದನ್ನು ಆರಂಭಿಸಿದರು. ಮಡಿದ ಮಗನನ್ನು ಮಡಿಲಲ್ಲಿ ಹೊತ್ತ ತಾಯಿಯ ಶಿಲ್ಪದ ಹೆಸರನ್ನೇ ಸಂಸ್ಥೆಗೆ ಇಟ್ಟಿದ್ದಾರೆ. ಮೊದಲ ನಡಿಗೆ 2009ರಲ್ಲಿ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ನಡೆಯಿತು; ಬಂದವರು ಸುಮಾರು 400 ಮಂದಿ. ಹತ್ತು ವರ್ಷ ತುಂಬುವುದರೊಳಗೆ ಆ ಸಂಖ್ಯೆ ಹಲವು ದೇಶಗಳಿಗೆ ಹಬ್ಬಿ ಎರಡು ಲಕ್ಷದ ಸುಮಾರಿಗೆ ಏರಿತು. ಸೇರುವವರು ಹೆಸರು ನೋಂದಾಯಿಸಿ ಒಂದಿಷ್ಟು ಶುಲ್ಕ ಕೊಡುತ್ತಾರೆ, ಬಂಧುಬಳಗದಿಂದ ದೇಣಿಗೆ ಎತ್ತುತ್ತಾರೆ. ಆ ಹಣದಿಂದ ಆಪ್ತಸಮಾಲೋಚನೆ ಉಚಿತವಾಗಿ ನಡೆಯುತ್ತದೆ.

ಐರ್ಲೆಂಡಿನ ಹಿನ್ನೆಲೆ ತಿಳಿದರೆ ಇದು ಎಷ್ಟು ದೊಡ್ಡ ಬದಲಾವಣೆ ಎಂಬುದು ಅರ್ಥವಾದೀತು. ಬಹುಮಟ್ಟಿಗೆ ಕ್ಯಾಥೊಲಿಕ್ ಶ್ರದ್ಧೆಯ ಆ ನಾಡಿನಲ್ಲಿ ಹೀಗೆ ಸತ್ತವರಿಗೆ ಒಂದು ಕಾಲದಲ್ಲಿ ಸ್ಮಶಾನದ ಪವಿತ್ರ ನೆಲದಲ್ಲಿ ಜಾಗವಿರಲಿಲ್ಲ. ಆತ್ಮಹತ್ಯೆಯನ್ನು ಅಪರಾಧದ ಪಟ್ಟಿಯಿಂದ ಅಲ್ಲಿ ತೆಗೆದದ್ದು 1993ರಲ್ಲಿ. ನೆರೆಯ ಇಂಗ್ಲೆಂಡ್ 1961ರಲ್ಲೇ ಆ ಕೆಲಸ ಮಾಡಿ ಮುಗಿಸಿತ್ತು. ಅಪರಾಧವೆನಿಸಿದ್ದ ಸಾವಿನ ಹೆಸರು ಹೇಳಿಕೊಂಡು ಹದಿನಾರು ವರ್ಷಗಳ ನಂತರ ಜನ ಬೀದಿಗೆ ಬಂದರು. ಸತ್ತ ಮಗನ, ಅಣ್ಣನ, ಗೆಳತಿಯ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ಬಂದರು.

ಅಮೆರಿಕದಲ್ಲಿ ಇದಕ್ಕೂ ಮೊದಲೇ, 2002ರಲ್ಲಿ, ಇಡೀ ರಾತ್ರಿ ನಡೆಯುವ ಇಂಥದೊಂದು ಜಾಥಾ ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಿಂದ ರಾಜಧಾನಿ ವಾಷಿಂಗ್ಟನ್ನಿಗೆ ಹೋಗಿತ್ತು. ದೂರ ಸುಮಾರು 26 ಮೈಲಿ. ಸಂಜೆ ಹೊರಟು ಬೆಳಗಿಗೆ ಮುಟ್ಟುವುದು ಅದರ ಕ್ರಮ. ‘ಮೈಲಿಗಿಷ್ಟು’ ಎಂದು ದೇಣಿಗೆ ಮಾತಾಡಿಕೊಂಡು ನಡೆಯುವ ಪದ್ಧತಿ 1960ರ ದಶಕದ ಕೊನೆಯ ಭಾಗದಲ್ಲಿ ಕೆನಡಾ ಮತ್ತು ಅಮೆರಿಕಗಳಲ್ಲಿ ಹಸಿವು ನಿವಾರಣೆಗೆಂದು ಬಳಕೆಗೆ ಬಂದದ್ದು.

ಲಾಟೀನು ಹಿಡಿದವರು

ಹಾಗೆಂದು ಇದು ಪೂರ್ತಿ ಪರದೇಶದ ಸರಕು ಎಂದು ತಿಳಿಯಬೇಕಾಗಿಲ್ಲ. ದಾನ ಮತ್ತು ನಡಿಗೆಯ ನಂಟು ನಮ್ಮಲ್ಲಿ ಹಳೆಯದು. 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆ ಭೂದಾನ ಆರಂಭಿಸಿದಾಗ ಆ ಊರು ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ರಾಯಚೂರು ಜಿಲ್ಲೆಯೂ ಆಗ ಅದೇ ರಾಜ್ಯದ ಭಾಗ. 1956ರ ನವೆಂಬರ್ 1ರಂದು ತಾನೇ ಅದು ಮೈಸೂರು ರಾಜ್ಯಕ್ಕೆ ಸೇರಿದ್ದು. ವಿನೋಬಾ ಅವರ ದಿನದ ನಡಿಗೆ ಹೊರಡುತ್ತಿದ್ದುದು ಬೆಳಗಿನ ಜಾವದ ಕತ್ತಲಲ್ಲಿ, ಮುಂದೊಬ್ಬರು ಲಾಟೀನು ಹಿಡಿದು. ಬೆಳಕು ಹರಿದು ಊರು ಮುಟ್ಟಿದ ಮೇಲೆ ಸಭೆ, ಅಲ್ಲಿ ಭೂಮಿಯ ಬೇಡಿಕೆ. ಅದಕ್ಕೂ ಹಿಂದೆ 1930ರ ಮಾರ್ಚ್ 12ರ ಮುಂಜಾನೆ ಸಾಬರಮತಿಯಿಂದ ದಂಡಿಗೆ ಹೊರಟ ಯಾತ್ರೆ ಇದೆ. ಸ್ವಾತಂತ್ರ್ಯ ಚಳವಳಿಯ ಕಾಲದ ಪ್ರಭಾತ ಫೇರಿಯನ್ನು ಶಾಲೆಯ ಮಕ್ಕಳು ಆಗಸ್ಟ್ 15ರಂದು ಮಾಡುತ್ತ ಬಂದಿದ್ದಾರೆ. ಊರು ಏಳುವ ಮುಂಚೆ ಊರಿನ ಬೀದಿಯಲ್ಲಿ ಹಾಡಿಕೊಂಡು ಹೋಗುವುದೆಂದರೆ ಏನೆಂದು ನಮ್ಮ ಹಳ್ಳಿಗಳಿಗೆ ಹೇಳಿಕೊಡಬೇಕಾದ್ದಿಲ್ಲ.

ಆದರೆ ಯಾವುದಕ್ಕಾಗಿ ನಡೆಯುವುದು ಎಂಬಲ್ಲಿ ಕಾಲು ತಡವರಿಸುತ್ತದೆ. ನೀರಿಗಾಗಿ ನಡೆಯಬಹುದು, ಭೂಮಿಗಾಗಿ ನಡೆಯಬಹುದು, ದೇವರಿಗಾಗಿ ನಡೆಯಬಹುದು. ಮನೆಯಲ್ಲಿ ಹೀಗೆ ಸತ್ತವರಿದ್ದಾರೆ ಎಂದು ಬೀದಿಯಲ್ಲಿ ತೋರಿಸಿಕೊಂಡು ನಡೆಯುವುದು ಹೇಗೆ?

ಸಂತೆಕಲ್ಲೂರನ್ನೇ ನೋಡಿ. ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ಮಸ್ಕಿ ತಾಲ್ಲೂಕಿಗೆ ಸೇರಿರುವ ಈ ಊರಿಗೆ ಹೆಸರಿನಲ್ಲೇ ಸಂತೆ ಇದೆ. ಊರಿನ ಇನ್ನೊಂದು ಹೆಗ್ಗಳಿಕೆ ಘನಮಠ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿಜ್ಞಾನ ಪ್ರದೀಪಿಕೆ’ ಎಂಬ ಗ್ರಂಥ ಬರೆದರು. ಮಠದ ಸ್ವಾಮಿಯೊಬ್ಬರು ಮೋಕ್ಷದ ಮಾತನ್ನು ಬದಿಗಿಟ್ಟು ಒಕ್ಕಲುತನವನ್ನೇ ವಿಷಯ ಮಾಡಿಕೊಂಡು ಬರೆದದ್ದು ಕನ್ನಡದಲ್ಲಿ ಅಪರೂಪ. ರೈತನಿಗೆ ಬುದ್ಧಿ ಹೇಳುವ ಪುಸ್ತಕ ಹುಟ್ಟಿದ ನೆಲದಲ್ಲಿ, ಒಂದೂವರೆ ಶತಮಾನದ ತರುವಾಯ, ರೈತನ ಸಾವಿನ ಲೆಕ್ಕ ಬರೆಯುವ ಕಾಲ ಬಂದಿದೆ.

ಇಲ್ಲಿನ ಕೃಷಿಯ ಕಷ್ಟಕ್ಕೆ ಎರಡು ಮುಖ. ಒಂದು ಕಡೆ ಸಿಂಧನೂರಿನ ಸುತ್ತಮುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ಇನ್ನೊಂದು ಕಡೆ ಮಸ್ಕಿ, ಲಿಂಗಸುಗೂರುಗಳ ಮಳೆಯಾಶ್ರಿತ ಎರೆ ಹೊಲಗಳು, ಅಲ್ಲಿ ಜೋಳ, ಸಜ್ಜೆ, ತೊಗರಿ, ಹತ್ತಿ. ಕಾಲುವೆ ಇದ್ದವರಿಗೆ ಕೊನೆಯ ಭಾಗಕ್ಕೆ ನೀರು ಮುಟ್ಟೀತೇ ಎಂಬ ಚಿಂತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯ ಅಡುಗೆಮನೆಗಳಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ. ಕಾಲುವೆ ಇಲ್ಲದವರಿಗೆ ಕಾಲುವೆಯೇ ಚಿಂತೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020–21ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತರು. ಅಂದರೆ ಕಷ್ಟವನ್ನು ಬೀದಿಗೆ ತರುವುದು ಈ ಜನಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಬೀದಿಗೆ ಬರದೆ ಒಳಗೇ ಉಳಿಯುವ ಕಷ್ಟ ಬೇರೆಯದೇ ಒಂದಿದೆ.

‘ಹೊಟ್ಟೆನೋವು ತಾಳಲಾರದೆ’

ಆ ಒಳಗಿನದನ್ನು ಹೇಳಲು ಈ ಸೀಮೆಯ ಮಾತಿನಲ್ಲಿ ಒಂದು ಸುತ್ತುಬಳಸಿನ ದಾರಿ ಇದೆ: ‘ಏನರ ಹೆಚ್ಚುಕಮ್ಮಿ ಮಾಡ್ಕೊಂಡಾನು, ನೋಡ್ಕೊಳ್ರಿ.’ ಸಾವು ಎಂಬ ಪದ ಅದರಲ್ಲಿ ಇಲ್ಲ, ಆದರೂ ಕೇಳಿದವರಿಗೆಲ್ಲ ಅರ್ಥವಾಗುತ್ತದೆ. ಇನ್ನೊಂದು ದಾರಿ ಪೊಲೀಸ್ ಠಾಣೆಯ ದೂರಿನದು, ಅಲ್ಲಿಂದ ಪತ್ರಿಕೆಗಳಿಗೆ ಬಂದದ್ದು: ‘ಹೊಟ್ಟೆನೋವು ತಾಳಲಾರದೆ’, ‘ಜೀವನದಲ್ಲಿ ಜಿಗುಪ್ಸೆಗೊಂಡು’. ಕನ್ನಡ ಪತ್ರಿಕೆಗಳ ಜಿಲ್ಲಾ ಸುದ್ದಿಯ ಪುಟಗಳನ್ನು ದಶಕಗಳಿಂದ ಓದುತ್ತ ಬಂದವರಿಗೆ ಈ ಎರಡು ಸಾಲು ಬಾಯಿಪಾಠ. ಇಡೀ ನಾಡಿಗೆ ಅಷ್ಟೊಂದು ಹೊಟ್ಟೆನೋವು ಇರಲಾರದು. ಹಿಂದೆ ಉಳಿದ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರ ಮೇಲೆ ಯಾವ ಮಾತೂ ಬರದಿರಲಿ, ವಿಚಾರಣೆ ಬೇಗ ಮುಗಿಯಲಿ ಎಂದು ಊರವರೇ ಸೇರಿ ಬರೆಸುವ ಕಾರಣ ಅದು.

ಹೀಗೆ ಮುಚ್ಚಿಡಲು ಕಾನೂನಿನ ಕಾರಣವೂ ಇತ್ತು. 1860ರ ಭಾರತೀಯ ದಂಡ ಸಂಹಿತೆಯ 309ನೆಯ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. 1994ರಲ್ಲಿ ಪಿ. ರತಿನಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ರದ್ದುಪಡಿಸಿತು. ಎರಡೇ ವರ್ಷದಲ್ಲಿ, 1996ರ ಗ್ಯಾನ್ ಕೌರ್ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಮತ್ತೆ ಊರ್ಜಿತಗೊಳಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂದ ಮೇಲೆ ಪರಿಸ್ಥಿತಿ ತಿರುಗಿತು. ಅದರ 115ನೆಯ ಕಲಮು ಇಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಶಿಕ್ಷೆಯಾಗಬಾರದು, ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೆಯ ಕಲಮಿನ ಅಪರಾಧ ಇಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಅಥವಾ ಬಲವಂತಪಡಿಸಲು ಹಾಗೆ ಮಾಡಿದರೆ ಮಾತ್ರ 226ನೆಯ ಕಲಮು ಅನ್ವಯಿಸುತ್ತದೆ. ಕಾನೂನು ಬದಲಾದ ಸುದ್ದಿ ಹಳ್ಳಿಯ ಕಟ್ಟೆಗೆ ಇನ್ನೂ ಪೂರ್ತಿ ಮುಟ್ಟಿಲ್ಲ. ಆಸ್ಪತ್ರೆಗೆ ಕರೆದೊಯ್ದರೆ ಕೇಸಾಗುತ್ತದೆ ಎಂದು ಹಿಂಜರಿಯುವವರು ಈಗಲೂ ಇದ್ದಾರೆ. ನಡಿಗೆಯೊಂದರಿಂದ ಬೇರೇನೂ ಆಗದಿದ್ದರೂ ಈ ಒಂದು ಸುದ್ದಿ ಮನೆಮನೆಗೆ ಹೋದರೆ ಕೆಲವು ಗಂಟೆಗಳ ತಡ ತಪ್ಪೀತು. ಆ ಗಂಟೆಗಳಲ್ಲೇ ಜೀವ ಇರುವುದು.

ಪದವೂ ಒಂದು ಅಡ್ಡಗೋಡೆಯೇ. ‘ಆತ್ಮಹತ್ಯೆ’ಯಲ್ಲಿ ‘ಹತ್ಯೆ’ ಇದೆ. ಶಿಶುಹತ್ಯೆ, ಗೋಹತ್ಯೆ, ಬ್ರಹ್ಮಹತ್ಯೆಗಳ ಸಾಲಿನಲ್ಲಿ ಅದನ್ನು ಕೂರಿಸಿದ ಕ್ಷಣವೇ ಸತ್ತವನು ಕೊಲೆಗಾರನೂ ಆಗಿಬಿಡುತ್ತಾನೆ. ಈಚೆಗೆ ಮನೋವೈದ್ಯರು ‘ಜೀವ ಕಳೆದುಕೊಂಡರು’ ಎಂಬಂಥ ಮಾತು ಮೇಲು ಎನ್ನುತ್ತಾರೆ. ಹಳ್ಳಿಯ ‘ಜೀವಾ ಕಳಕೊಂಡ’ ಎಂಬ ಮಾತಿನಲ್ಲಿ ಅದು ಮೊದಲಿನಿಂದಲೂ ಇತ್ತು.

ಹಾಗೆಂದು ಹಳೆಯ ಕಾಲ ಇದನ್ನು ಯಾವಾಗಲೂ ಹಳಿದಿತ್ತು ಎನ್ನಲೂ ಆಗದು. ಊರ ಮುಂದಿನ ಮಾಸ್ತಿಗಲ್ಲುಗಳು, ಒಡೆಯನ ಸಾವಿನೊಡನೆ ಪ್ರಾಣ ಒಪ್ಪಿಸಿದ ವೇಳೆವಾಳಿಗಳ ಕಲ್ಲುಗಳು ಬೇರೆ ಕಥೆ ಹೇಳುತ್ತವೆ. ಅಂಥ ಸಾವಿಗೆ ಸಮಾಜ ಕಲ್ಲು ನಿಲ್ಲಿಸಿ ಪೂಜೆ ಮಾಡಿತು. ಬೇಡವೆನ್ನುವ ಅವಕಾಶ ಆ ಹೆಂಗಸಿಗೆ, ಆ ಸೇವಕನಿಗೆ ಎಷ್ಟಿತ್ತು ಎಂದು ಕಲ್ಲು ಹೇಳುವುದಿಲ್ಲ. ಕನ್ನಡದ ಮಕ್ಕಳೆಲ್ಲ ಕಲಿಯುವ ಪುಣ್ಯಕೋಟಿಯ ಹಾಡಿನ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ಹಸುವಿನ ಸತ್ಯಕ್ಕೆ ಅದು ಕಿರೀಟವಿಟ್ಟಂತೆ ಎಂದು ಮೇಷ್ಟರು ಹೇಳುತ್ತಾರೆ. ಹುಲಿಯನ್ನು ಯಾರಾದರೂ ತಡೆದು ನಿಲ್ಲಿಸಬಹುದಿತ್ತಲ್ಲ ಎಂದು ಒಂದಾದರೂ ಮಗು ಕೇಳಿಯೇ ಇರುತ್ತದೆ; ಆ ಮಗುವಿನ ಪ್ರಶ್ನೆ ಸರಿಯಾದ ಪ್ರಶ್ನೆ.

ಲೆಕ್ಕದೊಳಗೆ ಬಾರದವರು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಹೀಗೆ ಸತ್ತವರು 1,70,924 ಮಂದಿ, ಕರ್ನಾಟಕದಲ್ಲಿ 13,606. ದೇಶದ ಲೆಕ್ಕದಲ್ಲಿ ಕೃಷಿಯನ್ನು ನಂಬಿದವರು 11,290, ಅವರಲ್ಲಿ ಬೆಳೆಗಾರರಿಗಿಂತ ಕೂಲಿಕಾರರೇ ಹೆಚ್ಚು. ವಿದ್ಯಾರ್ಥಿಗಳು 13,044. ಕಾರಣಗಳ ಪಟ್ಟಿಯಲ್ಲಿ ಕೌಟುಂಬಿಕ ಸಮಸ್ಯೆಗೆ ಮೊದಲ ಸ್ಥಾನ, ಕಾಯಿಲೆಗೆ ಎರಡನೆಯದು. ಪೊಲೀಸ್ ಠಾಣೆಯಲ್ಲಿ ಬರೆಸಿದ ಕಾರಣಗಳು ಇವು ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಹೊಟ್ಟೆನೋವಿನ ಕಥೆ ಮೇಲೆಯೇ ಬಂದಿದೆ.

ಕರ್ನಾಟಕದಲ್ಲಿ ರೈತರ ಸಾವು ಮೊದಲು ದೊಡ್ಡ ಸುದ್ದಿಯಾದದ್ದು 1997–98ರಲ್ಲಿ, ಬೀದರ್ ಕಡೆಯಿಂದ, ತೊಗರಿ ಬೆಳೆ ಕೈಕೊಟ್ಟ ವರ್ಷ. ಕೃಷಿ ವಿಶ್ವವಿದ್ಯಾಲಯದ ಮಾಜಿ ಕುಲಪತಿ ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ನೇಮಿಸಿದ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಸಾಲ ಒಂದೇ ಕಾರಣವಲ್ಲ; ಮದ್ಯ, ಕುಟುಂಬ ಕಲಹ, ಕಾಯಿಲೆಗಳೂ ಸೇರಿವೆ ಎಂದು ವರದಿ ಹೇಳಿದಾಗ ರೈತ ಸಂಘಟನೆಗಳು ಸಿಟ್ಟಾದವು. ಸಿಟ್ಟಿಗೆ ಕಾರಣವಿತ್ತು: ರೈತನ ಸಾವನ್ನು ಅವನ ಸ್ವಭಾವದ ತಲೆಗೆ ಕಟ್ಟಿ ಮಾರುಕಟ್ಟೆ, ಬ್ಯಾಂಕು, ಸರ್ಕಾರಗಳು ಕೈತೊಳೆದುಕೊಂಡಾವು ಎಂಬ ಭಯ. ಆದರೆ ಎರಡೂ ಮಾತು ಒಟ್ಟಿಗೆ ನಿಜವಾಗಿರಬಲ್ಲವು. ಸಾಲ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟವನು ಕುಡಿಯುತ್ತಾನೆ, ಕುಡಿದವನು ಮನೆಯಲ್ಲಿ ಜಗಳಾಡುತ್ತಾನೆ, ಜಗಳವಾದ ರಾತ್ರಿ ಏನೋ ಆಗುತ್ತದೆ. ಕಾರಣದ ಕಾಲಂನಲ್ಲಿ ‘ಕೌಟುಂಬಿಕ’ ಎಂದು ಬೀಳುತ್ತದೆ.

2015ರಲ್ಲಿ ರಾಜ್ಯದಲ್ಲಿ ಕೃಷಿ ಅವಲಂಬಿತರ ಸಾವು 1,569ಕ್ಕೆ ಮುಟ್ಟಿತು. ಆ ವರ್ಷವೇ ರಾಜ್ಯ ಸರ್ಕಾರ ಪರಿಹಾರದ ಮೊತ್ತವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಪರಿಹಾರ ಸಿಗಬೇಕಾದರೆ ಉಪವಿಭಾಗಾಧಿಕಾರಿಯ ಸಮಿತಿ ಪ್ರಕರಣವನ್ನು ‘ಅರ್ಹ’ ಎನ್ನಬೇಕು. ಪಹಣಿಯಲ್ಲಿ ಹೆಸರಿರಬೇಕು, ಸಾಲದ ಕಾಗದ ಇರಬೇಕು. ಲಾವಣಿಗೆ ಹೊಲ ಮಾಡಿದವನ ಹೆಸರು ಪಹಣಿಯಲ್ಲಿರುವುದಿಲ್ಲ. ಹೊಲದಲ್ಲಿ ಗಂಡಸಿನಷ್ಟೇ ದುಡಿದ ಹೆಂಗಸಿನ ಹೆಸರೂ ಬಹುಪಾಲು ಇರುವುದಿಲ್ಲ. ಖಾಸಗಿ ಲೇವಾದೇವಿಯವನು ಕಾಗದ ಕೊಡುವುದಿಲ್ಲ. ಸತ್ತ ಮೇಲೂ ರೈತನೆಂದು ಸಾಬೀತು ಮಾಡಬೇಕಾದ ಹೊಣೆ ಹೆಂಡತಿಯದು. ಅತ್ತುಕೊಂಡು ಕುಳಿತವಳು ಕಚೇರಿಯಿಂದ ಕಚೇರಿಗೆ ನಡೆಯತೊಡಗುತ್ತಾಳೆ. ಆ ನಡಿಗೆಯಲ್ಲಿ ಜೊತೆಗೆ ಯಾರೂ ಇರುವುದಿಲ್ಲ.

ನಡೆದರೆ ಆಗುವುದೇನು?

ಜಾಗೃತಿ ಜಾಥಾಗಳ ಬಗ್ಗೆ ಅನುಮಾನ ಪಡುವುದು ತಪ್ಪಲ್ಲ. ಫಲಕ, ಟೋಪಿ, ಉದ್ಘಾಟನೆ, ಫೋಟೋ, ಉಪ್ಪಿಟ್ಟು, ಮತ್ತೆ ಮುಂದಿನ ವರ್ಷ. ವಿಶ್ವ ಆತ್ಮಹತ್ಯೆ ತಡೆ ದಿನವೆಂದು 2003ರಿಂದ ಆಚರಿಸುತ್ತಿರುವ ಸೆಪ್ಟೆಂಬರ್ 10 ನಮ್ಮಲ್ಲಿ ಹೆಚ್ಚಾಗಿ ಕಾಲೇಜು ಸಭಾಂಗಣದೊಳಗೇ ಮುಗಿಯುತ್ತದೆ. ನಡಿಗೆ ಮಾತ್ರದಿಂದ ಸಾವು ಇಳಿಯಿತೆಂದು ಹೇಳುವವರು ಯಾರೂ ಇಲ್ಲ. ಏನು ಮಾಡಿದರೆ ಇಳಿಯುತ್ತದೆ ಎಂಬುದಕ್ಕೆ ಮಾತ್ರ ಗಟ್ಟಿ ಪುರಾವೆಗಳಿವೆ, ಅವು ನಮ್ಮ ನೆರೆಯಲ್ಲೇ ಇವೆ.

ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕಡೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಅವುಗಳಲ್ಲೊಂದು. ಯತ್ನಿಸಿ ಆಸ್ಪತ್ರೆಗೆ ಬಂದು ಉಳಿದ 1,867 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ, ಮನೆಗೆ ಹೋಗುವ ಮುಂಚೆ ಒಂದು ಗಂಟೆ ಕೂರಿಸಿ ಮಾತು. ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ‘ಹೇಗಿದ್ದೀರಿ, ಏನಾದರೂ ಬೇಕೇ’ ಎಂದು ಕೇಳಿದ್ದಕ್ಕಿಂತ ದೊಡ್ಡ ಚಿಕಿತ್ಸೆ ಅದರಲ್ಲಿರಲಿಲ್ಲ. ಕೊನೆಗೆ ನೋಡಿದರೆ ಮೊದಲ ಗುಂಪಿನಲ್ಲಿ ಶೇಕಡ 2.2 ಮಂದಿ ಮತ್ತೆ ಅದೇ ದಾರಿಯಲ್ಲಿ ಹೋಗಿಬಿಟ್ಟಿದ್ದರು. ಎರಡನೆಯದರಲ್ಲಿ ಶೇಕಡ 0.2. ಒಂಬತ್ತು ಸಲ ಬಾಗಿಲು ತಟ್ಟುವುದಕ್ಕೆ ವೈದ್ಯಕೀಯ ಪದವಿ ಬೇಕಾಗಿಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಸ್ತ್ರೀಶಕ್ತಿ ಸಂಘದ ಹೆಂಗಸು, ಯಾರಾದರೂ ಸ್ವಲ್ಪ ತರಬೇತಿ ಪಡೆದು ಮಾಡಬಹುದು.

ಎರಡನೆಯ ಪುರಾವೆ ಶ್ರೀಲಂಕಾದ್ದು. 1990ರ ದಶಕದ ನಡುಭಾಗದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಎನ್ನುವಷ್ಟಿದ್ದ ಅಲ್ಲಿನ ಆತ್ಮಹತ್ಯೆಯ ಪ್ರಮಾಣ, ಅತ್ಯಂತ ಅಪಾಯಕಾರಿ ಕೃಷಿ ರಾಸಾಯನಿಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಹೋದ ಮೇಲೆ ಎರಡು ದಶಕಗಳಲ್ಲಿ ಸುಮಾರು ಶೇಕಡ 70ರಷ್ಟು ಕುಸಿಯಿತು. ಬೆಳೆಯ ಇಳುವರಿ ಕುಸಿಯಲಿಲ್ಲ. ಇದರ ಹಿಂದಿನ ತಿಳಿವಳಿಕೆ ಸರಳ: ಆ ಘಳಿಗೆ ಬಹುಮಂದಿಗೆ ಬಂದು ಹೋಗುವಂಥದು, ಕೆಲವೊಮ್ಮೆ ಕೆಲವೇ ನಿಮಿಷಗಳದ್ದು. ಅಷ್ಟು ಹೊತ್ತು ಕೈಗೆ ಏನೂ ಸಿಗದಿದ್ದರೆ, ಪಕ್ಕದಲ್ಲಿ ಯಾರಾದರೂ ಇದ್ದರೆ, ಅದು ದಾಟುತ್ತದೆ. ಬದುಕಿದವರಲ್ಲಿ ಹೆಚ್ಚಿನವರು ಮತ್ತೆ ಆ ದಾರಿ ಹಿಡಿಯುವುದಿಲ್ಲ. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ ಮತ್ತು ಸಂಗಡಿಗರು ಬೆಳೆ ಔಷಧಿಯನ್ನು ಮನೆಯಲ್ಲಿಡದೆ ಊರಿಗೊಂದು ಸಾಮೂಹಿಕ ಕಟ್ಟಡದಲ್ಲಿ ಬೀಗ ಹಾಕಿಡುವ ಪ್ರಯೋಗ ಮಾಡಿ ನೋಡಿದರು. ಬ್ಯಾಂಕಿನ ಲಾಕರಿನಂತೆ ಪ್ರತಿ ರೈತನಿಗೂ ಒಂದು ಪೆಟ್ಟಿಗೆ. ಹತ್ತಿ, ಭತ್ತ ಬೆಳೆಯುವ ಸಿಂಧನೂರು, ಮಸ್ಕಿ ಸೀಮೆಗೆ ಇದಕ್ಕಿಂತ ಹೊಂದುವ ಪ್ರಯೋಗ ಬೇರೆ ಇರಲಾರದು. ಕೇಂದ್ರ ಸರ್ಕಾರ 2018ರಲ್ಲಿ 18 ರಾಸಾಯನಿಕಗಳನ್ನು ನಿಷೇಧಿಸಿದ್ದು ಒಂದು ಹೆಜ್ಜೆ. ಅಷ್ಟಕ್ಕೆ ಕೆಲಸ ಮುಗಿದಿಲ್ಲ.

ಮೂರನೆಯದು ಪತ್ರಿಕೆಗಳಿಗೆ ಸೇರಿದ್ದು. ಹೇಗೆ ಸತ್ತರು ಎಂದು ವಿವರವಾಗಿ, ದಪ್ಪಕ್ಷರದಲ್ಲಿ, ಚಿತ್ರದೊಂದಿಗೆ ಬರೆದರೆ ಅದೇ ರೀತಿಯ ಸಾವು ಮತ್ತೆ ಆಗುವುದನ್ನು ಹಲವು ದೇಶಗಳಲ್ಲಿ ಗುರುತಿಸಿದ್ದಾರೆ. ವಿಯೆನ್ನಾ ನಗರದ ಪತ್ರಿಕೆಗಳು 1987ರಲ್ಲಿ ಇಂಥ ವರದಿಗಾರಿಕೆಯನ್ನು ಬಿಟ್ಟ ಮೇಲೆ ಅಲ್ಲಿನ ಸುರಂಗ ರೈಲಿನ ದುರಂತಗಳು ಕಡಿಮೆಯಾದವು. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿ ಗೋಡೆಯ ಮೇಲಿದೆ. ಸುದ್ದಿಮನೆಗಳು ಅದನ್ನು ಓದಿದ್ದು ಅಷ್ಟಕ್ಕಷ್ಟೆ.

ಕಲ್ಯಾಣ ಕರ್ನಾಟಕದ ಜನ ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ. ಮಾನಸಿಕ ಆರೋಗ್ಯದ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿಸುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ರಾಜ್ಯದಲ್ಲಿ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುವ ಏರ್ಪಾಡೂ ಆಮೇಲೆ ಆರಂಭವಾಯಿತು. ಸಂತೆಗೆ ಹೋಗುವಷ್ಟೇ ಸಲೀಸಾಗಿ ಮಂಗಳವಾರದ ವೈದ್ಯರ ಬಳಿಗೆ ಹೋಗುವುದು ಇನ್ನೂ ರೂಢಿಯಾಗಿಲ್ಲ. ‘ಹುಚ್ಚರ ಡಾಕ್ಟ್ರು’ ಎಂಬ ಎರಡು ಮಾತು ಬಸ್ ದರಕ್ಕಿಂತ ದುಬಾರಿ.

ನಡಿಗೆ ಉಪಯೋಗಕ್ಕೆ ಬರುವುದು ಇಲ್ಲಿ. ಒಬ್ಬನೇ ಹೋದರೆ ಹುಚ್ಚು, ನೂರು ಜನ ಹೋದರೆ ಊರು. ಫೀನಿಕ್ಸ್ ಪಾರ್ಕಿಗೆ ಬಂದ ಆ 400 ಜನರಲ್ಲಿ ಪ್ರತಿಯೊಬ್ಬರಿಗೂ ಗೊತ್ತಾದದ್ದು ಉಳಿದ 399 ಮನೆಗಳಲ್ಲೂ ಇದೇ ನೋವಿದೆ ಎಂಬುದು. ಎತ್ತಿದ ಹಣಕ್ಕೂ ನಮ್ಮಲ್ಲಿ ಕೆಲಸ ಹುಡುಕಬೇಕಾಗಿಲ್ಲ: ಆಸ್ಪತ್ರೆಗೆ ಬಸ್ ಚಾರ್ಜು, ಕಚೇರಿ ಅಲೆಯುವ ವಿಧವೆಗೆ ಕಾಗದಪತ್ರದ ಖರ್ಚು, ಊರಿಗೊಂದು ಬೀಗದ ಕೋಣೆ.

ಅಂಥ ನಡಿಗೆಗೆ ಸೇರುವವರು, ಅದನ್ನು ನಡೆಸುವವರು ತಿಳಿದಿರಬೇಕಾದ ಕೆಲವು ರೀತಿರಿವಾಜುಗಳೂ ಇವೆ. ಹೇಗೆ ಸತ್ತರು ಎಂಬ ಮಾತು ಫಲಕದ ಮೇಲೂ ಬೇಡ, ಭಾಷಣದಲ್ಲೂ ಬೇಡ. ಸತ್ತವರನ್ನು ಹುತಾತ್ಮರೆಂದು ಮೆರೆಸುವುದೂ ಬೇಡ, ಹೇಡಿಗಳೆಂದು ಜರೆಯುವುದೂ ಬೇಡ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಅಂಜಿಕೆಗೆ ಆಧಾರವಿಲ್ಲ. ‘ಸಾಯಬೇಕು ಅನ್ನಿಸ್ತದೇನು’ ಎಂದು ಮೆಲ್ಲಗೆ ಕೇಳಿದರೆ ಎಷ್ಟೋ ಸಲ ಎದುರಿಗಿರುವವರಿಗೆ ಉಸಿರು ಬಿಟ್ಟಂತಾಗುತ್ತದೆ. ಹೌದೆಂದರೆ ಅವರನ್ನು ಒಬ್ಬರನ್ನೇ ಬಿಡದೆ ಮನೆಯವರಿಗೆ, ವೈದ್ಯರಿಗೆ ತಲುಪಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬೆಳಕಿನ ಲೆಕ್ಕವೂ ಊರೂರಿಗೆ ಬೇರೆ. ಮೇ ತಿಂಗಳ ಡಬ್ಲಿನ್ನಿನಲ್ಲಿ ಸೂರ್ಯ ಹುಟ್ಟುವುದು ಐದೂವರೆಯ ಸುಮಾರಿಗೆ, ಅದಕ್ಕೂ ಬಹಳ ಮುಂಚಿನಿಂದ ಆಕಾಶ ನಿಧಾನವಾಗಿ ತಿಳಿಯಾಗುತ್ತಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ನಸುಕು ಚಿಕ್ಕದು. ಕತ್ತಲೆ ಇದ್ದದ್ದು ನೋಡನೋಡುತ್ತ ಬೆಳಗಾಗಿಬಿಡುತ್ತದೆ. ಸೆಪ್ಟೆಂಬರ್ 10ರಂದು ಮಸ್ಕಿ ಸೀಮೆಯಲ್ಲಿ ಸೂರ್ಯೋದಯ ಆರು ಗಂಟೆ ಹತ್ತು ನಿಮಿಷದ ಆಸುಪಾಸು. ಐದೂ ಹತ್ತಕ್ಕೆ ಹೊರಟರೆ ಮೊದಲ ಎರಡು ಕಿಲೋಮೀಟರ್ ಪಕ್ಕದವರ ಮುಖ ಕಾಣದು. ಮೂರನೆಯದರಲ್ಲಿ ಎರೆ ಹೊಲದ ಅಂಚು ಕಾಣುತ್ತದೆ, ಐದನೆಯದು ಮುಗಿಯುವಾಗ ಬಿಸಿಲು. ಇಂಥ ನಡಿಗೆಗಳಲ್ಲಿ ಎಲ್ಲರಿಗಿಂತ ಹಿಂದೆ ಇಬ್ಬರನ್ನು ಇಟ್ಟಿರುತ್ತಾರೆ. ಮಾತಾಡಬೇಕೆಂದು ಬೇಕೆಂದೇ ಹಿಂದೆ ಉಳಿದವರ ಜೊತೆ, ಕಾಲು ಸೋತವರ ಜೊತೆ ನಡೆಯುವುದು ಅವರ ಕೆಲಸ. ಕೊನೆಯವರು ಬಂದು ಮುಟ್ಟುವ ತನಕ ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸುವುದಿಲ್ಲ.